ಮೂರು ದಶಕ ಆರಿದ್ದ ಒಲೆ

ಜಪಾನಿನ ಕತ್ತಿ ಅಂದ ಕೂಡಲೇ ನಮಗೆ ನೆನಪಾಗೋದು ಸಿನಿಮಾ. ಸಾವಿರಾರು ಸಲ ಮಡಚಿ ಬಡಿದ ಉಕ್ಕು ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಲೆಕ್ಕ ಹಾಕಿದರೆ ಇದು ನಿಲ್ಲೋದಿಲ್ಲ. ಒಂದು ಸಲ ಮಡಚಿದರೆ ಪದರ ಎರಡು, ಇನ್ನೊಂದು ಸಲಕ್ಕೆ ನಾಲ್ಕು. ಹೀಗೆ 15 ಸಲಕ್ಕೆ 32,768. ಅಲ್ಲಿನ ಕಮ್ಮಾರರು ನಿಜಕ್ಕೂ ಮಡಚೋದು ಸುಮಾರು 10ರಿಂದ 15 ಸಲ, ಅಷ್ಟೇ. ಒಳಗಿನ ಕಿಟ್ಟ ಹೊರಬರಬೇಕು, ಇಂಗಾಲ ಎಲ್ಲ ಕಡೆ ಸಮನಾಗಿ ಹರಡಬೇಕು. ಆದರೆ ಪ್ರತಿ ಸಲ ಕಾಯಿಸಿದಾಗಲೂ ಸ್ವಲ್ಪ ಇಂಗಾಲ ಸುಟ್ಟುಹೋಗುತ್ತೆ. ಹಾಗಾಗಿ ಎಲ್ಲಿ ನಿಲ್ಲಿಸಬೇಕು ಅನ್ನೋದೇ ಕಸುಬು.

ನಮ್ಮೂರ ಕುಲುಮೆಯಲ್ಲಿ ಇದಕ್ಕೆ ‘ಹದ’ ಅಂತಾರೆ. ಕತ್ತಿಯ ಬಾಯಿ ಗಟ್ಟಿ ಇರಬೇಕು, ಬೆನ್ನು ಮೆತ್ತಗಿರಬೇಕು. ಪೂರ್ತಿ ಗಟ್ಟಿಯಾದರೆ ಒಡೆಯುತ್ತೆ, ಪೂರ್ತಿ ಮೆತ್ತಗಾದರೆ ಹರಿತ ನಿಲ್ಲಲ್ಲ. ಜಪಾನಿನವರು ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ತೆಳು ಮಣ್ಣಿನ ಬಾಯಿ ತಟ್ಟನೆ ತಣಿದು ಗಟ್ಟಿಯಾಗುತ್ತೆ, ಬೆನ್ನು ನಿಧಾನವಾಗಿ ತಣಿದು ಮೆತ್ತಗುಳಿಯುತ್ತೆ. ಗಟ್ಟಿಯಾದ ಉಕ್ಕು ತುಸು ಹಿಗ್ಗುವುದರಿಂದ ಕತ್ತಿಗೆ ಆ ಬಾಗು ಇನ್ನಷ್ಟು ಬರುತ್ತೆ. ಎರಡರ ನಡುವೆ ಕಾಣುವ ಬಿಳಿ ಗೆರೆಯೇ ‘ಹಮೋನ್’. ಆ ಕ್ಷಣದಲ್ಲಿ ಬಿರುಕು ಬಿಟ್ಟರೆ ಅಷ್ಟು ದಿನದ ದುಡಿಮೆ ನೀರುಪಾಲು.

ಈ ವಿದ್ಯೆಗೆ ಎರಡು ದೊಡ್ಡ ಪೆಟ್ಟು ಬಿದ್ದವು. 1876ರಲ್ಲಿ ಮೇಜಿ ಸರ್ಕಾರ ಸಾಮುರಾಯ್‌ಗಳು ಸೊಂಟಕ್ಕೆ ಕತ್ತಿ ಕಟ್ಟಿ ಓಡಾಡೋದನ್ನೇ ನಿಷೇಧಿಸಿತು. ಗಿರಾಕಿಗಳೇ ಇಲ್ಲವಾದರು. ಎರಡನೇ ಪೆಟ್ಟು 1945ರ ಸೋಲು. ಅಮೆರಿಕದ ಸೇನೆ ಮನೆಮನೆಗಳ ಕತ್ತಿ ವಶಪಡಿಸಿಕೊಂಡಿತು, ಎಷ್ಟೋ ನಾಶವಾದವು. ಇವು ಆಯುಧ ಮಾತ್ರವಲ್ಲ, ಕಲೆಯೂ ಹೌದು ಅಂತ ಹೊನ್ಮಾ ಜುನ್‌ಜಿಯಂಥ ತಜ್ಞರು ಸೇನಾಧಿಕಾರಿಗಳನ್ನ ಒಪ್ಪಿಸಿದ ಮೇಲೆ ಉಳಿದವು ಉಳಿದವು. 1948ರಲ್ಲಿ ಕತ್ತಿಗಳ ಸಂರಕ್ಷಣೆಗೆಂದೇ ಒಂದು ಸಂಘ ಹುಟ್ಟಿತು.

ಹಳೇ ಕತ್ತಿ ಉಳಿದವು ಸರಿ, ಹೊಸದಕ್ಕೆ ಉಕ್ಕು ಎಲ್ಲಿಂದ? ಈ ಕತ್ತಿಗೆ ಬೇಕಾದ ‘ತಮಹಗಾನೆ’ ಕಾರ್ಖಾನೆಯಲ್ಲಿ ಸಿಗೋದಲ್ಲ. ಅದು ಹುಟ್ಟೋದು ‘ತತಾರ’ ಎಂಬ ಮಣ್ಣಿನ ಒಲೆಯಲ್ಲಿ. ಸುಮಾರು ಹತ್ತು ಟನ್ ಕಬ್ಬಿಣದ ಮರಳು, ಅದಕ್ಕಿಂತ ಹೆಚ್ಚು ಇದ್ದಿಲು, ಮೂರು ಹಗಲು ಮೂರು ರಾತ್ರಿ ಬಿಡದೆ ಬೆಂಕಿ. ಕೊನೆಗೆ ಒಲೆಯನ್ನೇ ಒಡೆದು ಸುಮಾರು ಎರಡೂವರೆ ಟನ್ ಗಟ್ಟಿ ಹೊರತೆಗೆಯುತ್ತಾರೆ. ಅದರಲ್ಲೂ ಕತ್ತಿಗೆ ಒದಗೋದು ಸ್ವಲ್ಪ ಭಾಗ ಮಾತ್ರ. ಯುದ್ಧ ಮುಗಿಯುವ ಹೊತ್ತಿಗೆ ಈ ಒಲೆ ಆರಿತ್ತು. ದಾಸ್ತಾನಿದ್ದ ಉಕ್ಕು ಕರಗುತ್ತಾ ಬಂತು.

1977ರಲ್ಲಿ ಆ ಸಂಘವೇ ಶಿಮಾನೆ ಪ್ರಾಂತ್ಯದ ಒಕುಇಜುಮೊದಲ್ಲಿ, ಹಳೇ ಒಲೆಯ ಜಾಗದಲ್ಲೇ, ತತಾರ ಮತ್ತೆ ಹೊತ್ತಿಸಿತು. ಪುಸ್ತಕ ಇರಲಿಲ್ಲ ಅಂತಲ್ಲ. ಲೋಹವಿಜ್ಞಾನಿ ತವಾರ ಕುನಿಇಚಿ 1933ರಲ್ಲೇ ಈ ವಿಧಾನವನ್ನ ದಾಖಲಿಸಿದ್ದರು. ಆದರೂ ಬೇಕಾಗಿದ್ದು ಯುದ್ಧಕ್ಕೆ ಮುಂಚೆ ಒಲೆ ಮುಂದೆ ನಿಂತಿದ್ದ ಅಬೆ ಯೋಶಿಜೊ ಅಂಥ ಹಿರಿಯರು. ಜ್ವಾಲೆಯ ಬಣ್ಣ ನೋಡಿ ಈಗ ಮರಳು ಹಾಕು, ಈಗ ಇದ್ದಿಲು ಹಾಕು ಅನ್ನೋ ಕಣ್ಣು ಅವರಲ್ಲಿತ್ತು. ನಾನು ದಿನವೂ ಡಾಕ್ಯುಮೆಂಟೇಶನ್ ಬರೆಯೋ ಕೆಲಸದವನು. ಬರೆದಿಟ್ಟದ್ದೆಲ್ಲ ಬಂದಂತಲ್ಲ ಅಂತ ಚೆನ್ನಾಗಿ ಗೊತ್ತು. ಇನ್ನೊಂದು ಇಪ್ಪತ್ತು ವರ್ಷ ತಡವಾಗಿದ್ದರೆ ಕೇಳೋಕೆ ಯಾರಿರುತ್ತಿದ್ದರು?

ಈ ಪ್ರಶ್ನೆಗೆ ನಮ್ಮಲ್ಲೇ ಉತ್ತರ ಇದೆ. ಪಶ್ಚಿಮದವರು ಬೆರಗಾಗಿ ಪರೀಕ್ಷಿಸಿದ ‘ವೂಟ್ಜ್’ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುವುದನ್ನ ಬುಕಾನನ್ 1800-01ರ ಮೈಸೂರು ಸೀಮೆಯ ಪ್ರವಾಸದಲ್ಲಿ ಕಂಡು ಬರೆದಿದ್ದಾನೆ. ಬರಹ ಉಳಿಯಿತು. ಅಗ್ಗದ ಬ್ರಿಟಿಷ್ ಉಕ್ಕು ಬಂದ ಮೇಲೆ ಆ ಮೂಸೆಗಳು ತಣ್ಣಗಾದವು. ಮತ್ತೆ ಹೊತ್ತಿಸೋಣ ಅಂದರೆ ಕೈಹಿಡಿದು ತೋರಿಸುವ ಒಬ್ಬ ಮುದುಕನೂ ಇಲ್ಲ.

ಜಪಾನಿನಲ್ಲೂ ಎಲ್ಲ ಸುಗಮವೇನಲ್ಲ. ಕನಿಷ್ಠ ಐದು ವರ್ಷ ಗುರುವಿನ ಹತ್ತಿರ, ಬಹುತೇಕ ಸಂಬಳವಿಲ್ಲದೆ ದುಡಿಯಬೇಕು. ಪರವಾನಗಿ ಸಿಕ್ಕಮೇಲೂ ತಿಂಗಳಿಗೆ ಉದ್ದದ ಕತ್ತಿ ಎರಡೇ ಮಾಡಬಹುದು. ಕಲಿಯಲು ಬರುವ ಹುಡುಗರು ಕಡಿಮೆ. ಆದರೂ ಚಳಿಗಾಲದಲ್ಲಿ ಒಕುಇಜುಮೊದ ಒಲೆ ಉರಿಯುತ್ತೆ, ಅದರ ಮುಂದೆ ಹಿರಿಯರ ಪಕ್ಕದಲ್ಲಿ ಒಂದಿಷ್ಟು ಕಿರಿಯರು ನಿಂತಿರ್ತಾರೆ.