ಹಗೇವಿನ ದೀಪ: ಅನಿಲದಿಂದ ಬೆಂಕಿ ಆರಿಸುವ ವಿದ್ಯೆಯ ಚರಿತ್ರೆಗೊಂದು ಟಿಪ್ಪಣಿ

ಹರವೆಯಿಂದ ಗುಂಡ್ಲುಪೇಟೆವರೆಗಿನ ರಾಗಿ ಸೀಮೆಯ ಹಿರಿಯರಿಗೆ ಹಗೇವು ಎಂದರೇನೆಂದು ಹೇಳಿಕೊಡಬೇಕಿಲ್ಲ. ಗಟ್ಟಿ ನೆಲದಲ್ಲಿ ತೋಡಿದ ಗುಂಡಿ. ಬಾಯಿ ಒಬ್ಬ ಆಳು ನುಸುಳುವಷ್ಟು, ಹೊಟ್ಟೆ ಅಗಲ. ಒಳಗೆಲ್ಲ ಹುಲ್ಲು ಹೊದಿಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಬೀಳದು. ಹಗೇವು ತೆಗೆದ ದಿನ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಡುತ್ತಿದ್ದರು. ದೀಪ ಆರಿದರೆ ಆಳು ಇಳಿಯುವಂತಿಲ್ಲ.

ಬ್ಯಾಂಕಿನ ಸರ್ವರ್ ಕೋಣೆಯಲ್ಲೂ ಹಡಗಿನ ಎಂಜಿನ್ ಕೋಣೆಯಲ್ಲೂ ಇಂದು ಕಾಣುವ ಅನಿಲ ಅಗ್ನಿಶಾಮಕಗಳ ಮೂಲಪಾಠ ಈ ದೀಪದಲ್ಲೇ ಇದೆ. ಮುಚ್ಚಿದ ರಾಗಿ ಉಸಿರಾಡುತ್ತ ಆಮ್ಲಜನಕವನ್ನು ತಿನ್ನುತ್ತದೆ, ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಆಮ್ಲಜನಕ ಶೇ. 21ರಿಂದ 16ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ. ಆ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 5ಕ್ಕೆ ಏರಿರುತ್ತದೆ. ಮನುಷ್ಯ ಏದುಸಿರು ಬಿಡುತ್ತಾನೆ, ಆದರೆ ಬದುಕಿರುತ್ತಾನೆ. ದೀಪ ಅವನಿಗಿಂತ ಒಂದು ಹೆಜ್ಜೆ ಮೊದಲೇ ಸಾಯುವುದರಿಂದಲೇ ಅದರ ಸಾಕ್ಷ್ಯಕ್ಕೆ ಬೆಲೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬಳಕೆಗೆ ಬಂದ ಇಂಗಾಲದ ಡೈಆಕ್ಸೈಡ್ ವ್ಯವಸ್ಥೆಗಳು ಈ ಒಂದು ಹೆಜ್ಜೆಯ ಅಂತರವನ್ನೇ ಅಳಿಸಿಹಾಕಿದವು. ಕೋಣೆ ತುಂಬಿಸಲು ಕನಿಷ್ಠ ಶೇ. 34ರಷ್ಟು ಅನಿಲ ಬೇಕು. ಆಗ ಉಳಿಯುವ ಆಮ್ಲಜನಕ ಶೇ. 14. ಅದೊಂದೇ ಆಗಿದ್ದರೆ ಆಳು ಎದ್ದು ಹೊರಗೆ ನಡೆದಾನು. ಆದರೆ ಅಷ್ಟು ದಟ್ಟವಾದ ಇಂಗಾಲದ ಡೈಆಕ್ಸೈಡ್ ತಾನೇ ವಿಷ. ನಿಮಿಷದೊಳಗೆ ಪ್ರಜ್ಞೆ ತಪ್ಪಿಸುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2000ದಲ್ಲಿ ಪ್ರಕಟಿಸಿದ ವರದಿ ಇಂಥ 62 ಅವಘಡಗಳನ್ನು ಕಲೆಹಾಕಿದೆ: 119 ಸಾವು, 152 ಮಂದಿಗೆ ಪೆಟ್ಟು. ಬೆಂಕಿಯಿಂದ ಕಾಪಾಡಲು ಇಟ್ಟದ್ದು ಆಳನ್ನು ತೆಗೆದ ಲೆಕ್ಕ ಇದು.

ಹಾಗಾದರೆ ದೀಪವನ್ನಷ್ಟೇ ಕೊಂದು ಉಸಿರನ್ನು ಉಳಿಸುವ ಅನಿಲ ಇಲ್ಲವೇ? ನನ್ನ ಓದಿನಲ್ಲಿ ಮುಂದಿನ ಚರಿತ್ರೆಯೆಲ್ಲ ಈ ಹುಡುಕಾಟವೇ. ಹ್ಯಾಲಾನ್ 1301 ಎಂಬ ಅನಿಲ ಶೇ. 5ರಷ್ಟಿದ್ದರೆ ಸಾಕು. ಅದು ಗಾಳಿಯನ್ನು ಕಸಿಯುವುದಿಲ್ಲ, ಜ್ವಾಲೆಯೊಳಗಿನ ರಾಸಾಯನಿಕ ಸರಪಣಿಯನ್ನೇ ಕಡಿಯುತ್ತದೆ. ಆಮ್ಲಜನಕ ಹೆಚ್ಚುಕಡಿಮೆ ಶೇ. 20 ಉಳಿಯುತ್ತದೆ. ಹಗೇವಿನ ನಿಯಮಕ್ಕೆ ಇಲ್ಲಿ ಕೆಲಸವಿಲ್ಲ: ದೀಪ ಆರುತ್ತದೆ, ಆಳು ನಿಂತಿರುತ್ತಾನೆ. ಆದರೆ ಅದರ ಬ್ರೋಮಿನ್ ಓಜೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಮುಂದುವರಿದ ದೇಶಗಳು 1994ರ ಹೊತ್ತಿಗೆ ತಯಾರಿಕೆ ನಿಲ್ಲಿಸಿದವು. ಭಾರತ 1992ರಲ್ಲಿ ಒಪ್ಪಂದಕ್ಕೆ ಸೇರಿತು. ಹ್ಯಾಲಾನ್ ಕುಟುಂಬದ ಎಲ್ಲವೂ ಸಾಧುವಲ್ಲ ಎಂಬುದೂ ನೆನಪಿರಲಿ. 2008ರ ನವೆಂಬರ್ 8ರಂದು ರಷ್ಯಾದ ‘ನೆರ್ಪಾ’ ಜಲಾಂತರ್ಗಾಮಿಯಲ್ಲಿ ಬೆಂಕಿಯೇ ಇಲ್ಲದೆ ಅನಿಲ ಹಾರಿ 20 ಮಂದಿ ಸತ್ತರು. ಅದೇ ಹಡಗು 2012ರಲ್ಲಿ ‘ಐಎನ್‌ಎಸ್ ಚಕ್ರ’ ಎಂಬ ಹೆಸರಿನಲ್ಲಿ ನಮ್ಮ ನೌಕಾಪಡೆ ಸೇರಿತು.

ಹ್ಯಾಲಾನಿನ ಜಾಗಕ್ಕೆ ಬಂದ ಎಚ್‌ಎಫ್‌ಸಿ-227ಇಎ ಓಜೋನಿಗೆ ಸೌಮ್ಯ, ಹವಾಮಾನಕ್ಕೆ ಕಟು: ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಮೂರು ಸಾವಿರ ಪಟ್ಟಿಗೂ ಮಿಗಿಲು. ಉರಿ ದೊಡ್ಡದಾದ ಮೇಲೆ ಬಿಟ್ಟರೆ ಅದೇ ಒಡೆದು ಕಣ್ಣು, ಗಂಟಲು ಸುಡುವ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ.

ನನಗೆ ಹೆಚ್ಚು ಸೋಜಿಗವೆನಿಸುವುದು ಇನರ್ಜನ್. ಸಾರಜನಕ 52, ಆರ್ಗಾನ್ 40, ಇಂಗಾಲದ ಡೈಆಕ್ಸೈಡ್ 8 ಪಾಲು. ಇದು ಹಾರಿದ ಕೋಣೆಯಲ್ಲಿ ಆಮ್ಲಜನಕ ಶೇ. 12.5ರ ಸುತ್ತ, ಅಂದರೆ ಜೀವ ತೆಗೆಯುವ ಹಳೆಯ ವ್ಯವಸ್ಥೆಯದಕ್ಕಿಂತಲೂ ಕಡಿಮೆ. ಆದರೂ ಇದೇ ಹೆಚ್ಚು ಸುರಕ್ಷಿತ. ಶೇ. 3ರ ಚಿಲ್ಲರೆ ಇಂಗಾಲದ ಡೈಆಕ್ಸೈಡ್ ಉಸಿರನ್ನು ಆಳವಾಗಿಸಿ, ಇದ್ದಷ್ಟು ಆಮ್ಲಜನಕವನ್ನು ಮಿದುಳಿಗೆ ಮುಟ್ಟಿಸುತ್ತದೆ. ಹಗೇವಿನಲ್ಲಿ ಹೆದರಿಸಿದ ಅನಿಲವೇ ಇಲ್ಲಿ ಪಥ್ಯದ ಅಳತೆಯಲ್ಲಿ ಮದ್ದು. ಹಾಗೆಂದು ಅಲ್ಲಿ ಕೂತಿರಬಹುದೆಂದಲ್ಲ. ಗಂಟೆ ಬಾರಿಸಿದೊಡನೆ ಹೊರಡಲೇಬೇಕು.

ಯಾವ ಅನಿಲವಾದರೂ ಹಗೇವಿನಂತೆ ಬಾಯಿ ಮುಚ್ಚಿರಬೇಕು. ಕನಿಷ್ಠ ಹತ್ತು ನಿಮಿಷ ಹಿಡಿದಿಡಬೇಕೆಂಬುದು ಸಾಮಾನ್ಯ ಲೆಕ್ಕ. ಕೇಬಲ್ ಹಾಯಿಸಲು ಕೊರೆದ ಒಂದು ತೂತನ್ನು ಮುಚ್ಚದೆ ಬಿಟ್ಟರೆ ಲೆಕ್ಕ ಕೆಟ್ಟಿತು. ಅನಿಲ ಕೆಂಡವನ್ನು ತಣಿಸದು. 1897ರಲ್ಲಿ ಮೈಸೂರಿನ ಮರದ ಅರಮನೆಯನ್ನು ನುಂಗಿದಂಥ ಬೆಂಕಿಯಲ್ಲಿ ತೊಲೆಯ ಒಡಲೊಳಗೆ ಕೆಂಡ ಕೂತಿರುತ್ತದೆ, ಗಾಳಿ ಸೋಕಿದರೆ ಮತ್ತೆ ಹೊತ್ತುತ್ತದೆ. ಅದಕ್ಕೆ ನೀರೇ ಬೇಕು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ಸುರಿದದ್ದೂ ನೀರನ್ನೇ. ಗೋಡೆಯಿಲ್ಲದ ಬೆಟ್ಟಕ್ಕೆ ಯಾವ ಅನಿಲವನ್ನು ತುಂಬುವುದು?

ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ತೂಕ. ಬೆಂಕಿ ಆರಿದ ಮೇಲೂ ನೆಲಮಾಳಿಗೆಯಲ್ಲಿ, ಕೇಬಲ್ ಗುಂಡಿಯಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಬಿದ್ದವನನ್ನು ಎತ್ತಲು ಓಡಿಹೋದವನು ಅವನ ಪಕ್ಕದಲ್ಲೇ ಬೀಳುವುದು ಹೀಗೆ. ಹಗೇವಿಗೆ ಇಳಿಯುವವನ ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಮೇಲಿನವರು ಹಿಡಿದಿರುತ್ತಿದ್ದುದು ಇದಕ್ಕೇ.