ಲಾರಿ, ಬಸ್ ಚಾಲಕರ ಲೈಸೆನ್ಸ್: ನಿಯಮ ಬದಲಾಗಿ ಸರ್ಕಾರಕ್ಕೆ ಆದ ಖೋತಾ ಎಷ್ಟು?

ಅಂಗಡಿಗೆ ಲೋಡ್ ತರೋ ಲಾರಿ, ಊರಿನ ಬಸ್ ಓಡಿಸೋರ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಮೊದಲು 3 ವರ್ಷಕ್ಕೆ ಸಿಗುತ್ತಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅದನ್ನು 5 ವರ್ಷ ಮಾಡಿತು.

ಲೆಕ್ಕ ಹೀಗಿದೆ: 15 ವರ್ಷದಲ್ಲಿ 5 ಸಲ ಆಗುತ್ತಿದ್ದ ನವೀಕರಣ ಈಗ 3 ಸಲ. ಕೇಂದ್ರ ನಿಯಮದಂತೆ ನವೀಕರಣ ಶುಲ್ಕ 200 ರೂ. ಅಂದರೆ ಒಬ್ಬ ಚಾಲಕನಿಂದ ಬರಬೇಕಿದ್ದ 400 ರೂ. ಖೋತಾ, ಸ್ಮಾರ್ಟ್ ಕಾರ್ಡ್ ಶುಲ್ಕ ಬೇರೆ. ಆದರೆ ಎರಡು ಅರ್ಜಿ ಪರಿಶೀಲಿಸಿ, ಎರಡು ಕಾರ್ಡ್ ಮಾಡಿಕೊಡುವ ಕೆಲಸವೂ ಆರ್‌ಟಿಒ ಕಚೇರಿಗೆ ತಪ್ಪಿತು. ಚಾಲಕನಿಗೆ ಎರಡು ಸಲದ ಅಲೆದಾಟ, ಎರಡು ಮೆಡಿಕಲ್ ಸರ್ಟಿಫಿಕೇಟ್ ಉಳೀತು.

ಗಮನಿಸಿ: ಅವಧಿ ಮುಗಿದ ಮೇಲೆ ಇದ್ದ 30 ದಿನಗಳ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿತ್ತು. 1 ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು 1 ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು.