ಕಲ್ಮರಿಗೆ: ಪಳಗಿಸಿದವರ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೋಟೆ ಕೊತ್ತಲಗಳು, ಶಾಸನಗಳು, ನಾಣ್ಯಗಳು. ಅಡುಗೆಮನೆಯ ಮೂಲೆಯಲ್ಲಿ ಮಸಿ ಹಿಡಿದು ಕುಳಿತ ಪಾತ್ರೆಗೂ ಒಂದು ಚರಿತ್ರೆಯುಂಟು ಎಂದರೆ ಕೆಲವರಿಗೆ ನಗು ಬರಬಹುದು. ಆದರೆ ಅಡುಗೆ ಮಾಡದೆ ಯಾವ ಸಾಮ್ರಾಜ್ಯವೂ ಒಂದು ದಿನ ನಡೆದಿಲ್ಲ. ಈ ಲೇಖನ ಅಂಥ ಒಂದು ಪಾತ್ರೆಯನ್ನು ಕುರಿತದ್ದು. ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳಲ್ಲಿ ಅದಕ್ಕೆ ಕಲ್ಲಿನ ಮರಿಗೆ ಅಥವಾ ಕಲ್ಮರಿಗೆ ಎಂದು ಹೆಸರು. ತಮಿಳುನಾಡು, ಕೇರಳಗಳಲ್ಲಿ ಅದು ಕಲ್ಚಟ್ಟಿ.

ಯಾವ ಕಲ್ಲು ಅದು? ವಿದ್ಯಾರ್ಥಿ ಮಿತ್ರರೇ, ನಿಮ್ಮ ಹಿರಿಯರು ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ಬಳಪದ ಕಲ್ಲೇ ಅದು. ಹೊಯ್ಸಳರ ಶಿಲ್ಪಿಗಳು 1117ರಲ್ಲಿ ಬೇಲೂರಿನಲ್ಲೂ 1258ರಲ್ಲಿ ಸೋಮನಾಥಪುರದಲ್ಲೂ ದೇವಾಲಯ ಕಟ್ಟಲು ಆರಿಸಿಕೊಂಡದ್ದು ಇದೇ ಜಾತಿಯ ಮೆದು ಕಲ್ಲನ್ನು. ಪಾತ್ರೆ ಮಾಡುವ ಬಳಪದ ಕಲ್ಲಿನಲ್ಲಿ ಮುಖ್ಯವಾಗಿ ಇರುವ ಖನಿಜ ಟಾಲ್ಕ್. ಜರ್ಮನಿಯ ಖನಿಜ ವಿಜ್ಞಾನಿ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಮಾಪಕದಲ್ಲಿ ವಜ್ರಕ್ಕೆ 10 ಅಂಕ, ಟಾಲ್ಕ್‌ಗೆ 1. ನಮ್ಮ ಉಗುರಿಗೇ ಸುಮಾರು ಎರಡೂವರೆ ಅಂಕವಿದೆ! ಟಾಲ್ಕ್‌ನ ರಚನೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿದ್ದು, ಪದರಗಳ ನಡುವಿನ ಹಿಡಿತ ಬಹಳ ದುರ್ಬಲ. ಮುಟ್ಟಿದರೆ ಸಾಬೂನಿನಂತೆ ಜಾರುವುದು ಇದರಿಂದಲೇ.

ಈ ಮೆದುತನ ಕಲ್ಲುಕುಟಿಗನಿಗೆ ವರ. ಉಳಿಗೆ ಸುಲಭವಾಗಿ ಬಗ್ಗುವ ಕಲ್ಲು ಬೇರೆ ಯಾವುದಿದೆ? ಆದರೆ ಬಳಸುವವರಿಗೆ ಅದೇ ಒಂದು ಸಮಸ್ಯೆ. ಹೀಗಾಗಿ ಕಲ್ಮರಿಗೆಯ ಅರ್ಧ ಕೆಲಸ ಮಾತ್ರ ಕುಟಿಗನ ಅಂಗಳದಲ್ಲಿ ಮುಗಿಯುತ್ತದೆ. ಉಳಿದರ್ಧ ನಡೆಯುವುದು ಅಡುಗೆಮನೆಯಲ್ಲಿ. ಆ ಅರ್ಧದ ಹೆಸರು ಪಳಗಿಸುವುದು.

ಇಷ್ಟು ಕಷ್ಟಪಟ್ಟು ಕಲ್ಲೇ ಏಕೆ ಬೇಕಿತ್ತು? ಹುಣಿಸೆಹುಳಿಯನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಇಟ್ಟರೆ ಕಿಲುಬು ಏಳುತ್ತದೆ. ಟಾಲ್ಕ್ ಹುಳಿಯೊಡನೆ ಕೂಡುವುದಿಲ್ಲ. ಆದ್ದರಿಂದ ಹುಳಿ, ಗೊಜ್ಜು, ಉಪ್ಪಿನಕಾಯಿಗಳಿಗೆ ಮರಿಗೆ ಒಪ್ಪಿತು. ಜೊತೆಗೆ ದಪ್ಪನೆಯ ಕಲ್ಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಒಲೆಯಿಂದ ಇಳಿಸಿದ ಮೇಲೂ ಹುಳಿ ಕೆಲಹೊತ್ತು ಕುದಿಯುತ್ತಲೇ ಇರುವುದನ್ನು ನೋಡಿದವರು ಬಲ್ಲರು.

ಪಳಗಿಸುವ ಈ ವಿದ್ಯೆ ಎಷ್ಟು ಹಳೆಯದು? ಇದಕ್ಕೆ ಬರಹದ ಸಾಕ್ಷಿ ದೊರೆಯುವುದು ದೂರದ ಗ್ರೀಸಿನಲ್ಲಿ. ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್ ಸುಮಾರು 2300 ವರ್ಷಗಳ ಹಿಂದೆ ಕಲ್ಲುಗಳನ್ನು ಕುರಿತೇ ಒಂದು ಗ್ರಂಥ ಬರೆದ. ಸಿಫ್ನೋಸ್ ಎಂಬ ದ್ವೀಪದಲ್ಲಿ ಕಡೆಯಲು ಬರುವಷ್ಟು ಮೆದುವಾದ ಒಂದು ಕಲ್ಲಿದೆ, ಅದನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಕಪ್ಪಾಗಿ ಗಟ್ಟಿಯಾಗುತ್ತದೆ, ಅದರಿಂದ ಪಾತ್ರೆಗಳನ್ನು ಮಾಡುತ್ತಾರೆ ಎಂದು ಅದರಲ್ಲಿ ಹೇಳಿದ್ದಾನೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಮಡಿದ ರೋಮನ್ ವಿದ್ವಾಂಸ ಪ್ಲಿನಿಯೂ ತನ್ನ ಗ್ರಂಥದಲ್ಲಿ ಇದೇ ಸಂಗತಿಯನ್ನು ಹೇಳಿ, ಇಟಲಿಯ ಕೋಮೋ ಪ್ರದೇಶದ ಹಸಿರು ಕಲ್ಲಿನಿಂದಲೂ ಅಡುಗೆಯ ಪಾತ್ರೆಗಳಾಗುತ್ತಿದ್ದವು ಎಂದು ಸೇರಿಸಿದ್ದಾನೆ. ಕಲ್ಲು, ಬೆಂಕಿ, ಎಣ್ಣೆ: ನಮ್ಮ ಅಜ್ಜಿಯರು ಹೇಳುವುದೂ ಇವೇ ಮೂರನ್ನು.

ಇಲ್ಲಿ ವಿಜ್ಞಾನದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು. ಕಲ್ಲು ನಿಜವಾಗಿ ಗಟ್ಟಿಯಾಗುತ್ತದೆಯೇ? ಉತ್ತರಕ್ಕಾಗಿ ಸಿಂಧೂ ಕಣಿವೆಯ ಕಡೆಗೆ ನೋಡೋಣ. ಹರಪ್ಪ, ಮೊಹೆಂಜೊದಾರೊಗಳಲ್ಲಿ ಸಿಕ್ಕ, ಸುಮಾರು 4500 ವರ್ಷ ಹಿಂದಿನ ಮುದ್ರೆಗಳಲ್ಲಿ ಬಹುಪಾಲು ಬಳಪದ ಕಲ್ಲಿನವೇ. ಮೆದುವಾಗಿದ್ದಾಗ ಗೂಳಿಯನ್ನೂ ಲಿಪಿಯನ್ನೂ ಕೊರೆದು, ಅನಂತರ ಅವನ್ನು ಗೂಡಿನಲ್ಲಿಟ್ಟು ಸುಡುತ್ತಿದ್ದರು. ಸಾವಿರ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಕಾವಿನಲ್ಲಿ ಟಾಲ್ಕ್ ತನ್ನೊಳಗಿನ ನೀರಿನ ಅಂಶವನ್ನು ಕಳೆದುಕೊಂಡು ಬೇರೆಯೇ ಖನಿಜವಾಗಿ ಗಡಸಾಗುತ್ತದೆ. ಅಲ್ಲಿ ಬದಲಾದದ್ದು ಕಲ್ಲೇ.

ಹುಳಿ ಕುದಿಯುವ ಮರಿಗೆ ಅಂಥ ಕಾವನ್ನು ಎಂದೂ ಕಾಣುವುದಿಲ್ಲ. ಆದ್ದರಿಂದ ಅಲ್ಲಿ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ, ಬದಲಾಗುವುದು ಎಣ್ಣೆ. ತೆಳುವಾಗಿ ಸವರಿದ ಎಣ್ಣೆ ಕಾವಿಗೂ ಗಾಳಿಯ ಆಮ್ಲಜನಕಕ್ಕೂ ಸಿಕ್ಕಿದಾಗ ಅದರ ಅಣುಗಳು ಒಂದಕ್ಕೊಂದು ಬೆಸೆದು ಗಟ್ಟಿಯಾದ ಕಪ್ಪು ಪೊರೆಯಾಗುತ್ತವೆ. ದೋಸೆಯ ಕಾವಲಿ ಹಳತಾದಷ್ಟೂ ದೋಸೆ ಸಲೀಸಾಗಿ ಏಳುವುದಕ್ಕೆ ಕಾರಣವೂ ಇದೇ ಪೊರೆ. ಥಿಯೊಫ್ರಾಸ್ಟಸ್ ಕಂಡ ಕಪ್ಪು ಬಣ್ಣ, ಗಟ್ಟಿತನಗಳ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ಇನ್ನು ನಮ್ಮ ಮನೆಗಳ ಕ್ರಮವನ್ನು ನೋಡೋಣ. ಹೊಸ ಮರಿಗೆಯನ್ನು ತೊಳೆದು ಒಣಗಿಸಿ, ಒಳಗೂ ಹೊರಗೂ ಎಣ್ಣೆ, ಅರಿಸಿನ ಹಚ್ಚಿ ಇಡುತ್ತಾರೆ. ಮುಂದಿನ ಕೆಲವು ದಿನ ಅನ್ನ ಬಸಿದ ಗಂಜಿಯನ್ನು ಅದರಲ್ಲಿ ತುಂಬಿ, ಮರುದಿನ ಚೆಲ್ಲಿ, ಮತ್ತೆ ತುಂಬುತ್ತಾರೆ. ಗಂಜಿಯ ಪಿಷ್ಟ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ. ಕಲ್ಲು ಬಿಸಿಗೆ ಹೊಂದಿಕೊಂಡ ಮೇಲೆ ನೀರು ತುಂಬಿ ಸಣ್ಣ ಉರಿಯಲ್ಲಿ ಇಟ್ಟು, ದಿನದಿಂದ ದಿನಕ್ಕೆ ಉರಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಮನೆಯಿಂದ ಮನೆಗೆ ಎಣ್ಣೆ ಬೇರೆ, ದಿನಗಳ ಲೆಕ್ಕ ಬೇರೆ. ಆದರೆ ಅವಸರ ಬೇಡ ಎಂಬ ಮಾತು ಎಲ್ಲೆಡೆ ಒಂದೇ.

ಅವಸರ ಏಕೆ ಬೇಡ? ಕಾರಣ ಎರಡು. ಒಂದು, ತಳ ಬೇಗ ಕಾದು ಹಿಗ್ಗಿ, ಅಂಚು ಇನ್ನೂ ತಣ್ಣಗಿದ್ದರೆ ಕಲ್ಲು ಎಳೆದಾಡಿ ಬಿರುಕು ಬಿಡುತ್ತದೆ. ಎರಡು, ರಂಧ್ರಗಳಲ್ಲಿ ಅಡಗಿದ ನೀರು ಆವಿಯಾಗುವಾಗ ಅದರ ಗಾತ್ರ ಸುಮಾರು 1600 ಪಟ್ಟು ಹೆಚ್ಚುತ್ತದೆ. ನಿಧಾನವಾಗಿ ಕಾಯಿಸಿದರೆ ಆ ಆವಿ ಹೊರಬರಲು ದಾರಿ ಸಿಗುತ್ತದೆ. ಥಟ್ಟನೆ ಕಾಯಿಸಿದರೆ ಅದು ದಾರಿ ಒಡೆದುಕೊಂಡೇ ಹೊರಬರುತ್ತದೆ. ಬಿಸಿ ಮರಿಗೆಗೆ ತಣ್ಣೀರು ಹಾಕಬಾರದೆಂಬ ಕಟ್ಟುನಿಟ್ಟೂ ಈ ಹಿಗ್ಗು ಕುಗ್ಗುಗಳ ಲೆಕ್ಕವೇ.

ತೊಳೆಯುವುದರಲ್ಲೂ ಇದೇ ವಿವೇಕ. ಹಿತ್ತಾಳೆಗೆ ಒಪ್ಪುವ ಮರಳು, ಬೂದಿ ಕಲ್ಲಿಗೆ ಒಪ್ಪುವುದಿಲ್ಲ. ಮರಳಿನ ಕಣದ ಗಡಸುತನ ಮೋಸ್ ಮಾಪಕದಲ್ಲಿ 7. ಅದು ಟಾಲ್ಕನ್ನು ಗೀರಿ ತೆಗೆಯುತ್ತದೆ. ಉಕ್ಕಿನ ಉಜ್ಜುವ ನಾರೂ ಅಷ್ಟೇ. ಬೂದಿ ಕ್ಷಾರವಾದ್ದರಿಂದ ಎಣ್ಣೆಯ ಪೊರೆಯನ್ನು ಕರಗಿಸತೊಡಗುತ್ತದೆ. ಸಾಬೂನು ಪೊರೆಯನ್ನು ಸಡಿಲಿಸುವುದರ ಜೊತೆಗೆ ರಂಧ್ರಗಳಲ್ಲಿ ಉಳಿದು ಮುಂದಿನ ಅಡುಗೆಗೆ ತನ್ನ ವಾಸನೆ ಕೊಡುತ್ತದೆ. ಆದ್ದರಿಂದ ಮರಿಗೆ ಪೂರ್ತಿ ಆರಿದ ಮೇಲೆ ಬೆಚ್ಚಗಿನ ನೀರು, ತೆಂಗಿನ ನಾರು, ಜಿಡ್ಡಿದ್ದರೆ ಒಂದಿಷ್ಟು ಕಡಲೆಹಿಟ್ಟು ಸಾಕು. ಆಮೇಲೆ ಚೆನ್ನಾಗಿ ಒಣಗಿಸಬೇಕು. ಬಹುಕಾಲ ಎತ್ತಿಡುವುದಾದರೆ ತೆಳುವಾಗಿ ಎಣ್ಣೆ ಸವರಬೇಕು.

ಇಷ್ಟು ಜೋಪಾನ ಮಾಡಿದ್ದನ್ನು ಒಡೆದರೂ ಯಾರೂ ಸುಲಭವಾಗಿ ಎಸೆಯುತ್ತಿರಲಿಲ್ಲ. ಸಾವಿರ ವರ್ಷಗಳ ಹಿಂದೆ ನಾರ್ವೆಯ ವೈಕಿಂಗ್ ಜನ ಬಿರುಕುಬಿಟ್ಟ ಕಲ್ಲಿನ ಪಾತ್ರೆಗೆ ಕಬ್ಬಿಣದ ಹೊಲಿಗೆ ಹಾಕುತ್ತಿದ್ದರು. ಅದೂ ಸಾಧ್ಯವಿಲ್ಲವಾದರೆ ಚೂರುಗಳಿಂದ ಮಗ್ಗದ ತೂಕದ ಗುಂಡು, ನೂಲುವ ಕದಿರಿನ ಬಿಲ್ಲೆಗಳನ್ನು ಮಾಡಿಕೊಳ್ಳುತ್ತಿದ್ದರು. ಕ್ಯಾಲಿಫೋರ್ನಿಯಾದ ಕರಾವಳಿಯ ಮೂಲನಿವಾಸಿಗಳು ಒಡೆದ ಮಡಕೆಯ ಹೋಳನ್ನು ರೊಟ್ಟಿ ಸುಡುವ ಹಂಚಾಗಿ ಬಳಸಿದರು. ಕೆನಡಾದ ನ್ಯೂಫೌಂಡ್‌ಲೆಂಡಿನ ಲಾನ್ಸ್ ಓ ಮೆಡೋಸ್ ಎಂಬಲ್ಲಿ 1960ರ ದಶಕದ ಉತ್ಖನನದಲ್ಲಿ ಬಳಪದ ಕಲ್ಲಿನ ಒಂದು ಪುಟ್ಟ ಕದಿರು ಬಿಲ್ಲೆ ಸಿಕ್ಕಿತು. ಕೊಲಂಬಸನಿಗಿಂತ ಮೊದಲೇ ಅಲ್ಲಿಗೆ ಬಂದ ವೈಕಿಂಗರಲ್ಲಿ ನೂಲುವ ಹೆಂಗಸರೂ ಇದ್ದರೆಂದು ವಿದ್ವಾಂಸರು ಊಹಿಸಲು ಆ ಬಿಲ್ಲೆ ಒಂದು ಆಧಾರವಾಯಿತು. ಮನೆಯ ವಸ್ತು ಚರಿತ್ರೆಯ ದಾಖಲೆಯಾಗುವುದು ಹೀಗೆ.

1886ರಲ್ಲಿ ಅಲ್ಯೂಮಿನಿಯಮ್ಮನ್ನು ಅಗ್ಗವಾಗಿ ತಯಾರಿಸುವ ವಿಧಾನ ಕಂಡುಬಂತು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ. ಹಗುರವಾದ, ಹೇಗೆ ಉಜ್ಜಿದರೂ ತಾಳುವ ಪಾತ್ರೆಗಳು ಬಂದದ್ದರಿಂದ ಹೆಂಗಸರ ದುಡಿಮೆ ಎಷ್ಟೋ ಕಡಿಮೆಯಾಯಿತು, ಅದನ್ನು ದೂರುವಂತಿಲ್ಲ. ಆದರೆ ಆ ಪಾತ್ರೆಗಳಿಗೆ ಪಳಗಿಸುವ ವಿದ್ಯೆ ಬೇಕಿಲ್ಲ. ಬೇಡವಾದ ವಿದ್ಯೆ ಒಂದೆರಡು ತಲೆಮಾರಿನಲ್ಲೇ ಮರೆತುಹೋಗುತ್ತದೆ. ಈಗ ಕಲ್ಲಿನ ಪಾತ್ರೆಗಳು ಪೇಟೆಗೆ ಮತ್ತೆ ಬಂದಿವೆ. ಕೊಂಡ ದಿನವೇ ಅದನ್ನು ಗ್ಯಾಸ್ ಒಲೆಯ ಜೋರು ಉರಿಗೆ ಇಟ್ಟರೆ ಅದು ಸೀಳುತ್ತದೆ; ಅಪವಾದ ಮಾತ್ರ ಕಲ್ಲಿಗೆ ಬರುತ್ತದೆ.

ಕಿರುತೆರೆಯಲ್ಲಿ ನಾವು ಮರಿಗೆಯ ಆಕಾರ, ಬಣ್ಣಗಳನ್ನು ತೋರಿಸಬಲ್ಲೆವು. ಎಷ್ಟು ಬಿಸಿಯಾದಾಗ ಉರಿ ತಗ್ಗಿಸಬೇಕು, ಎಣ್ಣೆ ಎಷ್ಟು ಹೀರಿದರೆ ಸಾಕು ಎಂಬುದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅದು ಬಳಸಿದವರ ಕೈಯಲ್ಲಿದೆ. ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರಲ್ಲಿ ಮರಿಗೆ ಬಳಸಿದವರಿದ್ದರೆ ಈ ರಜೆಯಲ್ಲಿ ಅವರ ಬಳಿ ಕುಳಿತು ಕೇಳಿ. ಪಾತ್ರೆ ಯಾವ ಊರಿನಿಂದ ಬಂತು, ಯಾವ ಎಣ್ಣೆ ಹಚ್ಚಿದರು, ಎಷ್ಟು ದಿನ ಗಂಜಿ ಹಾಕಿದರು, ಒಡೆದಾಗ ಏನು ಮಾಡಿದರು ಎಂಬುದನ್ನು ಅವರ ಮಾತಿನಲ್ಲೇ ಬರೆದು, ಕೆಳಗೆ ದಿನಾಂಕ ಹಾಕಿ. ಸಿಫ್ನೋಸಿನ ಪಾತ್ರೆಗಳ ಬಗ್ಗೆ ಥಿಯೊಫ್ರಾಸ್ಟಸ್ ಬರೆದಿಟ್ಟದ್ದು ಎರಡೇ ಮಾತು. ಅದನ್ನು ಪಳಗಿಸಿದವರು ಯಾರೆಂದು ಅವನು ಬರೆಯಲಿಲ್ಲ. ನೀವು ಬರೆಯಬಹುದು.